ಇಬ್ಬರು ರೇಣುಕಾ, ಒಂದು ಪಟ್ಟಿ

ಕಳೆದ ವಾರ ಟಿಕೋಟಾ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಗಾಳಿಯಲ್ಲಿ ಗಂಧಕದ ವಾಸನೆ ಬಂತು. ಒಣದ್ರಾಕ್ಷಿಗೆ, ನಮ್ಮ ಕಡೆಯ ಮಾತಿನಲ್ಲಿ ಮಣೂಕಕ್ಕೆ, ಹೊಂಬಣ್ಣ ಬರಲೆಂದು ಶೆಡ್ಡುಗಳಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಮೊದಲು ಮೂಗು ಉರಿಯುತ್ತದೆ, ಅದರ ಬೆನ್ನಿಗೇ ಪಾಕ ತಳ ಹತ್ತಿದಂಥ ಸಿಹಿ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಯ್ಯ, ಕಿಡಕಿ ಹಾಕ್ರೀ ಅಕ್ಕಾರ" ಎಂದಳು. ಕಿಟಕಿ ಎಳೆದೆ. ಆದರೂ ಮೂರು ವರ್ಷದ ಹಿಂದಿನ ಆ ಬೇಸಿಗೆ ನೆನಪಾಗಿ ಇಳಿಯುವ ಊರು ಬರುವವರೆಗೂ ಬಿಡಲಿಲ್ಲ.

ಆ ವರ್ಷ ನಾನು ಪಿಎಚ್.ಡಿ.ಯ ಮೊದಲ ವರ್ಷದಲ್ಲಿದ್ದೆ. ವಿಷಯ ಹೆಲ್ತ್ ಇನ್ಫರ್ಮ್ಯಾಟಿಕ್ಸ್. ರೋಗಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಕೂಡಿಡಬೇಕು, ಹೇಗೆ ಓದಬೇಕು, ಅದರಿಂದ ಚಿಕಿತ್ಸೆಗೆ ಏನು ನೆರವಾಗುತ್ತದೆ ಎಂಬುದನ್ನು ಕಲಿಯುವ ಶಾಸ್ತ್ರ. ವಿಜಯಪುರದೊಳಗಿನ ಇಬ್ರಾಹಿಂಪುರದ ನಮ್ಮ ಓಣಿಯಲ್ಲಿ ಅದನ್ನು ವಿವರಿಸುವಷ್ಟರಲ್ಲಿ ಸಾಕಾಗುತ್ತಿತ್ತು. "ಅಂದ್ರ ನೀ ಡಾಕ್ಟರ್ ಆಗಾಕತ್ತೀಯೋ, ಕಂಪ್ಯೂಟರ್ ಕಲಿಯಾಕತ್ತೀಯೋ?" ಎಂದು ಮನೆಗೆ ರೊಟ್ಟಿ ಒಯ್ಯಲು ಬಂದವರೆಲ್ಲ ಕೇಳುವರು. ನಮ್ಮವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳು ಒಲೆಯ ಮುಂದಿನಿಂದಲೇ, "ಎರಡೂ ಕೂಡೇ ಕಲಿಯಾಕತ್ತಾಳ, ಸುಮ್ನಿರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನನಗಾಗ ಮೂವತ್ತೊಂದು ತುಂಬಿತ್ತು. ಓದಿಗೆ ಮರಳುವ ಮೊದಲು ನಾಲ್ಕು ವರ್ಷ ನಗರದ ಒಂದು ಆಸ್ಪತ್ರೆಯ ಕಡತಗಳ ಕೋಣೆಯಲ್ಲಿ ಕೆಲಸ ಮಾಡಿದ್ದೆ. ನೆಲದಿಂದ ಸೂರಿನವರೆಗೆ ಕಡತ. "ಶಾಂತಾಬಾಯಿ ಫೈಲ್ ಲಗೂ ಕಳಿಸ್ರಿ" ಎಂದು ಮೇಲಿನಿಂದ ಫೋನ್ ಬರುತ್ತಿತ್ತು. ಯಾವ ಶಾಂತಾಬಾಯಿ? ಏಳು ಜನ ಶಾಂತಾಬಾಯಿಯರಿದ್ದರು. ಒಬ್ಬಳೇ ಶಾಂತವ್ವ ಎಂದು ಬರೆಸಿ, ಮುಂದಿನ ಸಲ ಶಾಂತಾ ಎಂದು ಬರೆಸಿರುತ್ತಿದ್ದಳು. ಧೂಳು ಕುಡಿದು ಕುಡಿದು ನನಗೆ ಆ ಕೋಣೆ ಬೇಡವಾಗಿತ್ತು. ಆದ್ದರಿಂದ ತೊರವಿ ಹತ್ತಿರದ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಸೀಟು ಸಿಕ್ಕಾಗ, ಇನ್ನು ಮೇಲೆ ಹೆಸರು ಹುಡುಕುವ ಕೆಲಸ ಮುಗಿಯಿತು ಎಂದು ಮನಸ್ಸಿನಲ್ಲೇ ಕೈ ತೊಳೆದುಕೊಂಡಿದ್ದೆ.

ನನ್ನ ಗೈಡ್ ದೇಸಾಯಿ ಸರ್. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಹಳೇ ಮನೆಯಿಂದ ಹಳೇ ಸ್ಕೂಟರಿನ ಮೇಲೆ ದಿನಾ ತೊರವಿಗೆ ಬರುತ್ತಿದ್ದರು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಸಂಕ್ರಾಂತಿಯ ಮರುದಿನ ನನ್ನನ್ನು ಕೋಣೆಗೆ ಕರೆದು, ಕುಸರೆಳ್ಳು ಕೈಗೆ ಹಾಕಿ ಹೇಳಿದರು.

"ಸುವರ್ಣಾ, ಏಪ್ರಿಲ್‌ದಾಗ ಸಮಿತಿ ಕೂಡ್ತದ. ಅಷ್ಟರಾಗ ನೀ ಯಾವ ಶಾಖೆದಾಗ ಕೆಲಸ ಮಾಡಾಕಿ ಅಂತ ಬರದು ಕೊಡಬೇಕು. ನಾ ಹೇಳೂದು ಕೇಳಿದರ ಎಕ್ಸ್‌ರೇ ತಗೋ. ಎದಿ ಎಕ್ಸ್‌ರೇ ನೋಡಿ ಕ್ಷಯ ಐತೋ ಇಲ್ಲೋ ಕಂಪ್ಯೂಟರ್ ಹೇಳಬೇಕು. ಪುಣೆದವ್ರು ನಮ್ಮ ಜೋಡಿ ಕೂಡಾಕ ತಯಾರದಾರ. ಚಿತ್ರ ಅವರs ಕೊಡ್ತಾರ. ಆರು ತಿಂಗಳ ಅಲ್ಲೇ ಇದ್ದು ಕಲಿಯೂ ಅವಕಾಶ. ನಮ್ಮ ವಿಭಾಗಕ್ಕ ಇಂಥಾದ್ದು ಹಿಂದ ಬಂದಿಲ್ಲ."

ಸರ್ ಮುಖದಲ್ಲಿ ಹಬ್ಬದ ಕಳೆ ಇತ್ತು. ನನಗೂ ಖುಷಿಯಾಯಿತು. ಕತ್ತಲ ಹಾಳೆಯ ಮೇಲೆ ಬೆಳ್ಳಗೆ ಮೂಡಿದ ಪಕ್ಕೆಲುಬು, ಅದರ ನಡುವೆ ಒಂದು ಮಸುಕು. ಅದನ್ನು ವೈದ್ಯರಿಲ್ಲದ ಊರಿನಲ್ಲಿ ಯಂತ್ರ ಗುರುತಿಸುತ್ತದೆ ಅಂದರೆ ಸಣ್ಣ ಮಾತಲ್ಲ. ಒಪ್ಪಿಕೊಂಡೆ.

ಒಂದು ವಿಧಿ ಮಾತ್ರ ಉಳಿದಿತ್ತು. ಮೊದಲ ವರ್ಷದವರು ಯಾವುದಾದರೂ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೆಲವು ವಾರ ಇದ್ದು, ಅಲ್ಲಿ ಮಾಹಿತಿ ಹೇಗೆ ಬರೆದಿಡುತ್ತಾರೆ ಎಂದು ನೋಡಿ ವರದಿ ಕೊಡಬೇಕು. ನನಗೆ ಬಂದದ್ದು ಟಿಕೋಟಾ ಆಚೆಯ ಒಂದು ಊರು. ಅಲ್ಲಿದ್ದವರು ಶಂಶಾದ್ ಸಿಸ್ಟರ್.

ಸಿಸ್ಟರ್‌ಗೆ ಐವತ್ತು ದಾಟಿತ್ತು. ಐದು ಹಳ್ಳಿ, ಅವುಗಳ ನಡುವಿನ ತೋಟದ ವಸ್ತಿಗಳು, ಎಲ್ಲ ಬಸುರಿಯರೂ ಬಾಣಂತಿಯರೂ ಅವರ ಪಾಲಿಗೆ. ಸ್ಕೂಟಿಯ ಮುಂದೆ ಲಸಿಕೆಯ ಪೆಟ್ಟಿಗೆ, ಹೆಗಲಿಗೆ ಬಿಪಿ ಯಂತ್ರದ ಚೀಲ. ಸರ್ಕಾರದ ರಿಜಿಸ್ಟರು ಬೇರೆ, ಟ್ಯಾಬ್ ಬೇರೆ. ಇವೆರಡರ ಹೊರತಾಗಿ ಅವರದೇ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾರ ಮೇಲೆ ಕಣ್ಣಿಡಬೇಕೋ ಅವರ ಹೆಸರು ಮಾತ್ರ ಅದರಲ್ಲಿ. ಯಾರದು ಚೊಚ್ಚಲ, ಯಾರಿಗೆ ರಕ್ತ ಕಡಿಮೆ, ಯಾರಿಗೆ ಬಿಪಿ ಏರುತ್ತಿದೆ, ಯಾರ ಕೂಸು ತೂಕ ಹಿಡಿಯುತ್ತಿಲ್ಲ. ದಿನಾ ಕೆಲಸಕ್ಕೆ ಹೊರಡುವ ಮೊದಲು ಅರ್ಧ ತಾಸು ಆ ಪುಸ್ತಕ ತಿರುವಿ ಯಾರ ಮನೆಗೆ ಹೋಗಬೇಕೆಂದು ಬೆರಳು ಮಡಿಸಿ ನೆನಪಿಟ್ಟುಕೊಳ್ಳುತ್ತಿದ್ದರು.

"ಇಷ್ಟೆಲ್ಲಾ ತಿರುವೂ ಬದಲಿ ನಾ ನಿಮಗ ಒಂದು ಪಟ್ಟಿ ಮಾಡಿಕೊಡ್ಲೇನ್ರಿ ಸಿಸ್ಟರ್?" ಎಂದು ನಾನೇ ಕೇಳಿದೆ. "ಊರುವಾರು, ಓಣಿವಾರು. ವಾರಕ್ಕೊಂದು ಹಾಳಿ."

"ಮಾಡಿಕೊಟ್ರ ಹೊಟ್ಟಿ ತಣ್ಣಗಿರಲಿ ನಿಂದು" ಎಂದು ಅವರು ನಕ್ಕರು. "ಕಣ್ಣೂ ಮೊದಲಿನಂಗ ಇಲ್ಲ ತಂಗಿ."

ಅಲ್ಲಿಯ ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು, ಕೇಂದ್ರದ ಕಂಪ್ಯೂಟರಿನಲ್ಲೇ ಎಲ್ಲವನ್ನೂ ಕೂತು ಹೊಡೆದೆ. ಒಬ್ಬಳ ಹೆಸರೇ ಎರಡು ಮೂರು ಕಡೆ ಬರುತ್ತಿತ್ತು, ಏಕೆಂದರೆ ಸಿಸ್ಟರ್ ಪ್ರತಿ ಭೇಟಿಗೂ ಹೊಸ ಸಾಲು ಬರೆಯುತ್ತಿದ್ದರು. ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಹೆಸರು ಒಂದೇ, ಗಂಡನ ಹೆಸರು ಒಂದೇ, ಊರು ಒಂದೇ ಇದ್ದರೆ ಅವಳು ಒಬ್ಬಳೇ ಎಂದು ತಿಳಿಯುವುದು. ವಯಸ್ಸಿನಲ್ಲಿ ನಾಲ್ಕೈದು ವರ್ಷದ ವ್ಯತ್ಯಾಸ ಬಂದರೂ ಬಿಟ್ಟುಬಿಡುವುದು, ಏಕೆಂದರೆ "ವಯಸ್ಸೆಷ್ಟವ್ವಾ" ಎಂದರೆ "ಬರಕೋರಿ, ಇಪ್ಪತ್ತೆರಡೋ ಇಪ್ಪತ್ತೈದೋ" ಅನ್ನುವ ಊರು ನಮ್ಮದು. ಕೊನೆಯ ಭೇಟಿಯ ಸಾಲನ್ನು ಉಳಿಸಿಕೊಂಡು ಹಳೆಯದನ್ನು ತೆಗೆದುಬಿಡುವುದು. ಅಷ್ಟೇ. ಗುಂಡಿ ಒತ್ತಿದರೆ ಉದ್ದನೆಯ ಪಟ್ಟಿ ಮೂರನೇ ಒಂದು ಪಾಲು ಇಳಿಯಿತು. ಸಿಸ್ಟರ್ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ, "ಮಾಶಾಲ್ಲಾ, ಲಗ್ನಪತ್ರಿ ಆದಂಗ ಆಗೈತಿ" ಎಂದರು. ಮರುದಿನದಿಂದ ನೋಟ್‌ಬುಕ್ ತಿರುವುವುದನ್ನು ಬಿಟ್ಟರು.

ಆಗ ಫೆಬ್ರುವರಿ. ದ್ರಾಕ್ಷಿ ಕೊಯ್ಲು ಜೋರಾಗಿತ್ತು. ಬೆಳಿಗ್ಗೆ ನಾನು ಬಸ್ಸಿಳಿದು ನಡೆಯುವ ಹೊತ್ತಿಗೆ ಟ್ರ್ಯಾಕ್ಟರುಗಳಲ್ಲಿ ಬುಟ್ಟಿಗಟ್ಟಲೆ ಗೊನೆ ಶೆಡ್ಡಿಗೆ ಬರುತ್ತಿತ್ತು. ಔಷಧದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುವರು. ಹೆಂಗಸರು ಸಾಲಾಗಿ ಕೂತು ಒಣಗಿದ್ದರ ಕಡ್ಡಿ ಬಿಡಿಸುವರು. ಒಂದು ಶೆಡ್ಡಿನ ಕೆಲಸ ಮುಗಿದರೆ ಗುಂಪು ಗುಂಪಾಗಿ ಇನ್ನೊಂದಕ್ಕೆ, ಟಿಕೋಟಾದಿಂದ ಬಬಲೇಶ್ವರದ ಕಡೆಗೆ, ಅಲ್ಲಿಂದ ಮತ್ತೆಲ್ಲಿಗೋ ಹೋಗುವರು. ಸಿಸ್ಟರ್ ಜೊತೆ ನಾನೂ ಶೆಡ್ಡಿಂದ ಶೆಡ್ಡಿಗೆ ಅಲೆದೆ. ಮನೆಗೆ ಮರಳಿದರೆ ಅವ್ವ, "ಮೈಯೆಲ್ಲಾ ಮಣೂಕದ ವಾಸನಿ" ಎಂದು ಮೂಗು ಮುರಿಯುತ್ತಿದ್ದಳು.

ಮಾರ್ಚ್ ಮೊದಲ ವಾರ ದೇಸಾಯಿ ಸರ್‌ಗೆ ನನ್ನ ಪಟ್ಟಿಯ ವಿಷಯ ಹೇಳಿದೆ. ಹೆಸರುಗಳನ್ನೆಲ್ಲ ಮುಚ್ಚಿ ವಿಭಾಗದಲ್ಲಿ ತೋರಿಸಲು ನಾಲ್ಕು ಹಾಳೆ ತಯಾರು ಮಾಡು ಎಂದರು. ಪ್ರೋಗ್ರಾಂ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂದು ತೋರಿಸಬೇಕಲ್ಲ. ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಕೂತು, ಅದು ತೆಗೆದುಹಾಕಿದ್ದ ಸಾಲುಗಳನ್ನು ಮೊದಲ ಬಾರಿಗೆ ಒಂದೊಂದಾಗಿ ನೋಟ್‌ಬುಕ್ಕಿನ ಜೊತೆ ಹಿಡಿದು ನೋಡಿದೆ. ಮೊದಲೇ ನೋಡಬೇಕಿತ್ತು. ನೋಡಿರಲಿಲ್ಲ.

ಇಲ್ಲಿ ನಿಜವಾದ ಹೆಸರು ಬರೆಯುವುದಿಲ್ಲ. ರೇಣುಕಾ ಎಂದಿಟ್ಟುಕೊಳ್ಳೋಣ, ಗಂಡನ ಹೆಸರು ಮಲ್ಲಪ್ಪ. ಉಳಿದ ಸಾಲಿನಲ್ಲಿ ಸಿಸ್ಟರ್ ಬರೆದದ್ದು: ಚೊಚ್ಚಲ, ಬಿಪಿ ಸರಿ ಇದೆ. ತೆಗೆದ ಸಾಲಿನಲ್ಲಿ, ನಾಲ್ಕು ದಿನ ಮೊದಲಿನ ತಾರೀಖಿಗೆ, ಪೆನ್ಸಿಲ್ಲಿನಲ್ಲಿ: ಎರಡನೇ ಬಸಿರು, ಕಾಲು ಬಾವು, ಬಿಪಿ ಹೆಚ್ಚು, ವಾರದೊಳಗೆ ಮತ್ತೆ ನೋಡಬೇಕು.

ಎರಡನೇ ಬಸಿರಿನವಳು ನಾಲ್ಕು ದಿನದ ಮೇಲೆ ಚೊಚ್ಚಲ ಬಸುರಿ ಆಗುವುದು ಹೇಗೆ?

ನಾನು ಎದ್ದು ನಿಂತೆ, ಮತ್ತೆ ಕೂತೆ. ಇಬ್ಬರು ರೇಣುಕಾ ಇದ್ದರು. ಗಂಡಂದಿರಿಬ್ಬರೂ ಮಲ್ಲಪ್ಪ. ನನ್ನ ಪ್ರೋಗ್ರಾಂ ಇಬ್ಬರನ್ನು ಒಬ್ಬಳನ್ನಾಗಿ ಮಾಡಿ, ಗಟ್ಟಿ ಇದ್ದವಳನ್ನು ಉಳಿಸಿ, ಕಷ್ಟದಲ್ಲಿದ್ದವಳನ್ನು ಅಳಿಸಿಹಾಕಿತ್ತು. ಮೂರು ವಾರ ಆಗಿತ್ತು.

ಸಿಸ್ಟರ್ ಅಂಗಳದಲ್ಲಿ ಲಸಿಕೆ ಹಾಕುತ್ತಿದ್ದರು. ಹೋಗಿ ನೋಟ್‌ಬುಕ್ ಅವರ ಮುಂದೆ ಹಿಡಿದು, ಏನಾಗಿದೆಯೆಂದು ಹೇಳಿದೆ. ಅವರು ಕನ್ನಡಕ ಏರಿಸಿ ಎರಡೂ ಸಾಲು ಓದಿದರು.

"ಯಾ ಅಲ್ಲಾ" ಎಂದರು ಮೆಲ್ಲಗೆ. "ರೇಣುಕಾನ ನೋಡೇನಿ ಅಂತ ನಾ ಟಿಕ್ ಹಾಕಿದ್ನಲ್ಲಾ. ಅದು ಗೌಡ್ರ ಓಣಿ ರೇಣುಕಾ. ಈಕಿ ವಸ್ತಿಯಾಕಿ. ಒಮ್ಮೆ ಬಂದಿದ್ಲು, ಮುಖಾ ಸೈತ ಬರೋಬರಿ ನೆನಪಿಲ್ಲ."

"ತಪ್ಪು ನಂದು ಸಿಸ್ಟರ್."

"ಅದನ್ನ ಆಮ್ಯಾಲೆ ಮಾತಾಡೂಣು. ಮೊದಲ ಗಾಡಿ ಹತ್ತು."

ಸ್ಕೂಟಿಯಲ್ಲಿ ವಸ್ತಿಗೆ ಹೋದೆವು. ಗುಡಿಸಲಿಗೆ ಬೀಗ. ಪಕ್ಕದ ತೋಟದ ಅಜ್ಜಿ, "ಅವರು ಹೋಗಿ ಎಂಟು ದಿನಾ ಆತಲ್ರೀ, ಬಬಲೇಶ್ವರದ ಕಡೆ ಶೆಡ್ಡಿಗೆ" ಎಂದಳು. ಗಂಡ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಮೊದಲನೆಯದು ಗಂಡು ಕೂಸು ಎಂದಳು; ಯಾವ ಶೆಡ್ಡು ಎಂದು ಅವಳಿಗೆ ಗೊತ್ತಿರಲಿಲ್ಲ. ಒಳದಾರಿ ಹಿಡಿದೆವು. ಹನ್ನೊಂದು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಎರಡೂ ಕಡೆ ಕಿತ್ತ ಜೋಳದ ಹೊಲ, ಕಪ್ಪು ಎರೆ ಬಿರುಕು ಬಿಟ್ಟಿತ್ತು. ಸಿಸ್ಟರ್ ದಾರಿಯ ಮೇಲೆ ಕಣ್ಣಿಟ್ಟು ಗಾಡಿ ಹೊಡೆಯುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊದಲ ಶೆಡ್ಡಿನಲ್ಲಿ ಕೇಳಿದೆವು. ರೇಣುಕಾ ಅನ್ನುವವರು ಯಾರೂ ಇಲ್ಲ. ಎರಡನೆಯದರಲ್ಲಿ ಒಬ್ಬ ರೇಣುಕಾ ಇದ್ದಳು, ಅವಳಿಗೆ ಮೊಮ್ಮಕ್ಕಳಿದ್ದರು. ಮೂರನೆಯದರಲ್ಲೂ ಇಲ್ಲ. ನಾಲ್ಕನೆಯ ಶೆಡ್ಡಿನ ಹೆಂಗಸರೂ ತಲೆಯಾಡಿಸಿದರು. ನಾನು ಸ್ಕೂಟಿಯ ಕಡೆ ತಿರುಗಿದ್ದೆ. ಸಿಸ್ಟರ್ ಮಾತ್ರ ನಿಂತೇ ಇದ್ದರು.

"ಹೆಸರ ಬಿಡ್ರಿ" ಎಂದರು ಅವರಿಗೆ. "ಟಿಕೋಟಾ ಕಡೆಯಿಂದ ಬಂದಾಕಿ, ಎರಡನೇ ಬಸಿರು, ಏಳು ತಿಂಗಳ ಇದ್ದೀತು. ಗಂಡ ಮಲ್ಲಪ್ಪ ಟ್ರ್ಯಾಕ್ಟರ್ ಹೊಡೀತಾನ. ಮೊದಲನೇದು ಗಂಡು ಕೂಸು. ಅಂಥಾಕಿ ಯಾರರ ಅದಾರೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯ, ನಮ್ಮ ನೀಲವ್ವಲ್ಲಾ?" ಎಂದಳು ಒಬ್ಬಾಕೆ. "ಗಂಡನ ಮನ್ಯಾಗ ಆಕೀಗೆ ನೀಲವ್ವ ಅಂತಾರ್ರೀ. ತವರಮನಿ ಹೆಸರ ನಮಗೇನು ಗೊತ್ತು. ಹಿಂದ ಬೇವಿನ ಗಿಡದ ಬುಡಕ ಮಲಗ್ಯಾಳ ನೋಡ್ರಿ. ನಿನ್ನಿಯಿಂದ ತಲಿ ಸಿಡ್ಯಾಕತ್ತೈತಿ ಅಂತ ಒಂದs ಸವನ ಅಳಾಕತ್ತಾಳ."

ಅವಳು ಒದ್ದೆ ಬಟ್ಟೆಯನ್ನು ಹಣೆಗೆ ಕಟ್ಟಿಕೊಂಡು ಮಗ್ಗುಲಾಗಿ ಮಲಗಿದ್ದಳು. ಸಣ್ಣ ಪ್ರಾಯದ ಹುಡುಗಿ. ಪಾದಗಳು ಊದಿ ಕಾಲುಂಗುರ ಮಾಂಸದೊಳಗೆ ಹೂತಿದ್ದವು. ಅಂಗಡಿಯಿಂದ ತಲೆನೋವಿನ ಗುಳಿಗೆ ತಂದು ನುಂಗಿದ್ದಳಂತೆ. "ಕಣ್ಣ ಮುಂದ ಮಿಂಚ ಹೊಡದಂಗ ಆಗ್ತೈತ್ರೀ ಬಾಯಾರ" ಎಂದು ಸಿಸ್ಟರ್‌ಗೆ ಹೇಳಿದಳು. ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಮತ್ತೊಮ್ಮೆ ನೋಡಿದರು. ನನಗೆ ಅಂಕಿ ಹೇಳಲಿಲ್ಲ. ಚೀಲದಿಂದ ಒಂದು ಗುಳಿಗೆ ತೆಗೆದರು, ಕೇಂದ್ರದ ವೈದ್ಯರಿಗೆ ಫೋನ್ ಮಾಡಿ ಕೇಳಿ ಅದನ್ನು ಕೊಟ್ಟರು. ಆಮೇಲೆ ಆಂಬುಲೆನ್ಸಿಗೆ ಕರೆ ಮಾಡಿದರು. ಅದು ಬೇರೆ ಕಡೆ ಹೋಗಿತ್ತು, ಬರಲು ತಡವಾಗುವುದಿತ್ತು. ಶೆಡ್ಡಿನ ಮಾಲಕರು ಮಾತು ಕೇಳಿಸಿಕೊಂಡವರೇ ದ್ರಾಕ್ಷಿ ಹೇರಿದ್ದ ತಮ್ಮ ಪಿಕಪ್ ಗಾಡಿಯನ್ನು ಅರ್ಧಕ್ಕೇ ಖಾಲಿ ಮಾಡಿಸಿ, "ಗೊನಿ ಹಾಳಾದ್ರ ಆಗಲಿ, ಲಗೂ ಒಯ್ರಿ" ಎಂದರು. ಖಾಲಿ ಚೀಲ ಹಾಸಿ, ಅದರ ಮೇಲೆ ಯಾರದೋ ಕೌದಿ ಹಾಸಿದರು. ವಿಜಯಪುರದವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಗಾಡಿ ಕುಲುಕಿದಾಗಲೆಲ್ಲ ನನ್ನ ಕೈಬೆರಳು ಹಿಡಿದು ಒತ್ತುತ್ತಿದ್ದಳು. ನಾನು ಯಾರು, ಯಾಕೆ ಬಂದಿದ್ದೇನೆ ಎಂದು ಅವಳು ಕೇಳಲೂ ಇಲ್ಲ.

ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಎರಡು ದಿನ ನೋಡಿದರು. ಬಿಪಿ ಇಳಿಯಲೊಲ್ಲದೆ ಮೂರನೇ ದಿನ ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು. ಎರಡು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿ ಉಳಿದಳು, ಕೂಸಿನ ಮಾತು ಹೇಳಲಾಗದು ಎಂದರು.

ಅಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸಿಸ್ಟರ್ ಕೊನೆಗೂ ಆ ಮಾತಿಗೆ ಬಂದರು. "ನಿನ್ನಷ್ಟs ನಂದೂ ತಪ್ಪೈತಿ ತಂಗಿ. ನನ್ನ ಕೈಲೆ ಬರದ ಪುಸ್ತಕ ಕಪಾಟದಾಗ ಇತ್ತು. ನಿನ್ನ ಹಾಳಿ ಚಂದ ಕಾಣ್ತು, ಅದನ್ನs ನಂಬಿದೆ." ಅವರ ಕಣ್ಣು ಕೆಂಪಾಗಿದ್ದವು. ನಾನು ಅಳತೊಡಗಿದಾಗ ತಮ್ಮ ಕರ್ಚೀಫು ಕೊಟ್ಟು, "ಅತ್ತು ಮುಗಿಸಿ ಮುಂದಿನ ಹಾಳಿ ಬರೋಬರಿ ಮಾಡು" ಎಂದರು.

ಆ ಮುಂದಿನ ಹದಿನೈದು ದಿನ ನಾನು ವಿಭಾಗದಲ್ಲಿ ಕೂತು ಎಕ್ಸ್‌ರೇ ಚಿತ್ರಗಳನ್ನು ನೋಡುತ್ತಿದ್ದೆ, ತಲೆಗೆ ಏನೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಕೇಂದ್ರಕ್ಕೆ ಹೋಗಿ ಸಿಸ್ಟರ್ ಜೊತೆ ಕೂತು ಪ್ರತಿಯೊಂದು ಹೆಸರನ್ನೂ ಮತ್ತೆ ಬಿಡಿಸಿದೆ. ನಾನು "ಇವರಿಬ್ಬರೂ ಒಬ್ಬಾಕಿನೇನ್ರಿ?" ಎಂದು ಕೇಳುವುದು, ಅವರು ಕಣ್ಣು ಮುಚ್ಚಿ ನೆನೆದು, "ಅಲ್ಲ, ಈಕಿ ಮಾವಗ ಕಣ್ಣ ಕಾಣೂದಿಲ್ಲ, ಆಕಿ ಮನಿ ಮುಂದ ಬೋರ್ ಐತಿ" ಎನ್ನುವುದು. ಮನೆ, ಬೋರು, ಮಾವ, ಮೊದಲ ಹೆರಿಗೆ ಯಾವ ಊರಲ್ಲಿ ಆಯಿತು ಎಂಬುದು. ಇವೇ ಅವರಿಗೆ ಗುರುತು. ನನ್ನ ಪ್ರೋಗ್ರಾಂ ಹೆಸರನ್ನಷ್ಟೇ ನೋಡಿತ್ತು. ಅದಕ್ಕಿಂತ ದೊಡ್ಡ ತಪ್ಪು, ಅನುಮಾನ ಬಂದಾಗ ಯಾರನ್ನಾದರೂ ಕೇಳು ಎಂದು ನಾನು ಅದಕ್ಕೆ ಹೇಳಿಕೊಟ್ಟಿರಲೇ ಇಲ್ಲ. ಕಡತಗಳ ಕೋಣೆಯಲ್ಲಿ ನಾನೇ ನಾಲ್ಕು ವರ್ಷ ಫೋನೆತ್ತಿ "ಯಾವ ಶಾಂತಾಬಾಯಿ?" ಎಂದು ಕೇಳಿದ್ದೆ. ಯಂತ್ರದ ಮುಂದೆ ಕೂತಾಗ ಅದೇ ಪ್ರಶ್ನೆ ಮರೆತಿದ್ದೆ.

ದೇಸಾಯಿ ಸರ್‌ಗೆ ನಡೆದದ್ದೆಲ್ಲ ಹೇಳಿದೆ. ಅವರು ತುಂಬ ಹೊತ್ತು ಪೆನ್ನಿನ ಟೋಪಿ ಹಾಕಿ ತೆಗೆದು ಮಾಡಿದರು.

"ತಪ್ಪು ಆಗ್ತಾವ, ಸುವರ್ಣಾ. ನೀ ಮುಚ್ಚಿಡಲಿಲ್ಲ, ಓಡಿ ಹೋದಿ, ಆಕಿ ಉಳದಳು. ಆದರ ಇದನ್ನ ಸಮಿತಿ ಮುಂದ ಹೇಳಬ್ಯಾಡ. ಮೊದಲನೇ ವರ್ಷದಾಗನ ಹೆಸರಿಗೆ ಚುಕ್ಕಿ ಬೀಳ್ತದ. ಎಕ್ಸ್‌ರೇ ಅಂತ ಬರದು ಕೊಡು, ಪುಣೆಗೆ ಹೋಗು, ಮನಸ್ಸೂ ತಿಳಿ ಆಗ್ತದ."

"ಸರ್, ನನಗ ಬ್ಯಾರೆ ಶಾಖೆ ಬೇಕಾಗೈತ್ರಿ."

"ಯಾವುದು?"

"ಗುರುತು ಹೊಂದಿಸೂದು. ಒಬ್ಬ ರೋಗಿ ಹತ್ತು ಕಡೆ ಹತ್ತು ಹೆಸರಲೆ ಬರಸಿದ್ರೂ ಒಬ್ಬಾಕಿ ಅಂತ ಹಿಡಿಯೂದು, ಇಬ್ಬರು ಒಂದs ಹೆಸರಲೆ ಇದ್ರೂ ಇಬ್ಬರು ಅಂತ ಬಿಡಿಸೂದು."

ಸರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರ ಮುಖ ಸಣ್ಣದಾಯಿತು. ಪುಣೆಯವರ ಜೊತೆ ಎರಡು ವರ್ಷ ಪತ್ರ ಬರೆದು ಬರೆದು ತಂದುಕೊಂಡ ಅವಕಾಶ ಅದು. "ವಿಚಾರ ಮಾಡು" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಸಮಿತಿಯ ಹಿಂದಿನ ದಿನ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ನಾಳೆ ಏನ ಹೇಳಾಕಿ?"

"ತಿಳೀವಲ್ತು. ತಪ್ಪು ಹೇಳಿಕೊಂಡ್ರ ಸರ್ ಮರ್ಯಾದಿ ಹೋಗ್ತೈತಿ, ನಂದೂ ಹೋಗ್ತೈತಿ."

"ಹೇಳಲಿಲ್ಲಂದ್ರ ನಿನಗ ಕೂಳು ಇಳಿಯೂದಿಲ್ಲ. ತಿಂಗಳಾತು, ತಾಟಿನಾಗ ಅರ್ಧ ರೊಟ್ಟಿ ಬಿಟ್ಟು ಏಳಾಕತ್ತಿ. ನನಗ ಕಣ್ಣಿಲ್ಲೇನು?" ಎಂದು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಸಮಿತಿಯಲ್ಲಿ ನಾಲ್ವರಿದ್ದರು. ಫ್ಯಾನು ಕರಕರ ಸದ್ದು ಮಾಡುತ್ತಿತ್ತು. ನಾನು ಎದ್ದು ನಿಂತು ಮೊದಲು ನಡೆದದ್ದನ್ನು ಹೇಳಿದೆ. ಹೆಸರು, ಊರು ಬಿಟ್ಟು ಉಳಿದದ್ದೆಲ್ಲ. ನನ್ನ ಮೂರು ಸಾಲಿನ ನಿಯಮವನ್ನು ಹಲಗೆಯ ಮೇಲೆ ಬರೆದು, ಎಲ್ಲಿ ಅದು ಒಬ್ಬ ಬಸುರಿಯನ್ನು ಅಳಿಸಿತು ಎಂದು ತೋರಿಸಿದೆ. ಆಮೇಲೆ ನನಗೆ ಬೇಕಾದ ಶಾಖೆ ಯಾವುದೆಂದು ಹೇಳಿದೆ. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ಆದರೆ ಎಕ್ಸ್‌ರೇಯಂಥ ಕೆಲಸ ಬಿಟ್ಟು ಹೆಸರು ಹೊಂದಿಸೋದಾ? ಇದು ಗುಮಾಸ್ತರ ಕೆಲಸ ಅಲ್ವಾ?"

"ಹೌದ್ರಿ ಸರ್, ಗುಮಾಸ್ತರ ಕೆಲಸನ" ಎಂದೆ. "ನಾಲ್ಕು ವರ್ಷ ನಾನs ಮಾಡೇನಿ. ಅದನ್ನ ಯಾರೂ ವಿದ್ಯೆ ಅಂತ ತಿಳಕೊಂಡಿಲ್ಲ, ನಾನೂ ತಿಳಕೊಂಡಿರಲಿಲ್ಲ. ಅದಕ್ಕs ಮೂರು ಸಾಲಿನಾಗ ಮುಗಸಿಬಿಟ್ಟೆ. ಎಕ್ಸ್‌ರೇ ಎಷ್ಟು ಬರೋಬರಿ ಓದಿದ್ರೂ, ಅದು ಬ್ಯಾರೆ ಒಬ್ಬಾಕಿ ಫೈಲಿಗೆ ಹೋದ್ರ ಏನ ಉಪಯೋಗ್ರಿ?"

ಆ ಹಿರಿಯರು ದೇಸಾಯಿ ಸರ್ ಕಡೆ ತಿರುಗಿ, "ಗೈಡ್ ಏನಂತೀರಿ?" ಎಂದರು. ನಾನು ನೆಲ ನೋಡುತ್ತಿದ್ದೆ.

"ಪುಣೆ ಸೀಟು ಮುಂದಿನ ವರ್ಷದವರಿಗೆ ಇರಲಿ" ಎಂದು ಸರ್ ಹೇಳಿದ್ದು ಕೇಳಿಸಿತು. "ಈಕಿ ಕೇಳಿದ ಶಾಖೆ ನನಗ ಬರೂದಿಲ್ಲ. ಮೂವತ್ತು ವರ್ಷ ಚಿತ್ರದ ಕೆಲಸ ಮಾಡಿದಾಂವ ನಾನು. ಆದರ ಗೈಡ್ ನಾನs ಇರ್ತೇನಿ. ಇಬ್ಬರೂ ಕೂಡೇ ಕಲೀತೀವಿ."

ಸಹಿಗಳಾದವು. ಹೊರಗೆ ಬಂದಾಗ ಸರ್ ಸ್ಕೂಟರಿನ ಬಳಿ ನಿಂತು ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಿಕೊಳ್ಳಲು ಒದ್ದಾಡುತ್ತಿದ್ದರು. ನಾನು ಹತ್ತಿರ ಹೋದರೆ, "ನಾಳೆ ಹತ್ತಕ್ಕ ಬಾ. ಮೊದಲ ನನಗ ಆ ಮೂರು ಸಾಲು ಇನ್ನೊಮ್ಮೆ ತಿಳಿಸಿ ಹೇಳು" ಎಂದರು.

ಅದಾಗಿ ಎರಡು ದಿನಕ್ಕೆ ನೀಲವ್ವನನ್ನು ಮನೆಗೆ ಕಳಿಸಿದರು. ಅವಳನ್ನು ಈಗ ಹಾಗೆಯೇ ಕರೆಯುತ್ತಿದ್ದೆವು, ಅವಳಿಗೆ ಅದೇ ರೂಢಿ. ಕೂಸು ಉಳಿದಿತ್ತು. ತೂಕ ಹಿಡಿದು, ಪೆಟ್ಟಿಗೆಯಿಂದ ಹೊರಬಂದು, ತಾಯಿಯ ಎದೆಗೆ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಮಲಗಿತ್ತು. ಮಲ್ಲಪ್ಪ ಔಷಧದ ಚೀಟಿ ತರಲು ಹೋಗಿದ್ದ. ಸಿಸ್ಟರ್ ನನ್ನ ಕಡೆ ನೋಡಿದರು. ಹೇಳುವುದಾದರೆ ಈಗ ಹೇಳಬೇಕು.

ಹೇಳಿದೆ. ನಿಮ್ಮ ಹೆಸರನ್ನು ನಾನೇ ತೆಗೆದದ್ದು. ನೀವೂ ಇನ್ನೊಬ್ಬ ರೇಣುಕಾಳೂ ಒಬ್ಬರೇ ಎಂದು ತಿಳಿದದ್ದು. ಆ ಮೂರು ವಾರ ಯಾರೂ ನಿಮ್ಮನ್ನು ನೋಡಲು ಬಾರದೆ ಹೋದದ್ದು ನನ್ನಿಂದ.

ಅವಳು ಕೂಸಿನ ಟೊಪ್ಪಿಗೆ ಸರಿಪಡಿಸುತ್ತ ಕೇಳಿಸಿಕೊಂಡಳು. ಎಷ್ಟು ತಿಳಿಯಿತೋ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ತಲೆಯೆತ್ತಿದಳು.

"ಈಗ ಆ ಇನ್ನೊಬ್ಬಾಕಿ ಹ್ಯಾಂಗ ಅದಾಳ್ರೀ? ನನ್ನ ಹೆಸರ ಹೊಳ್ಳಿ ಬರಿಯೂವಾಗ ಆಕೀದು ತಗದಿಲ್ಲಲ್ಲ?"

ಸಿಸ್ಟರೇ ಉತ್ತರಿಸಿದರು. "ಇಲ್ಲವ್ವಾ. ಇಬ್ಬರದೂ ಐತಿ. ಆಕಿ ಗಟ್ಟಿ ಅದಾಳ, ಮುಂದಿನ ತಿಂಗಳ ಆಕೀಗೆ."

"ಹಂಗಾದ್ರ ಆತ ಬಿಡ್ರಿ." ಅವಳು ನನ್ನ ಕೈ ಹಿಡಿದಳು, ಗಾಡಿಯಲ್ಲಿ ಹಿಡಿದಂತೆಯೇ ಬೆರಳುಗಳನ್ನು. "ನೀವು ಬಂದ್ರಲ್ಲಾ. ಹುಡಿಕ್ಯಾಡಿಕೊಂಡು ಬಂದ್ರಲ್ಲಾ ಬಿಸಲಾಗ. ಆದ್ರ ಒಂದು ಮಾತು ಕೇಳ್ತೇನ್ರಿ ಬಾಯಾರ. ಈಕೀಗೆ ಇನ್ನೂ ಹೆಸರಿಟ್ಟಿಲ್ಲ. ನಿಮ್ಮ ಕಂಪ್ಯೂಟರಿನಾಗ ಯಾರದೂ ಇರಲಾರದಂಥಾ ಒಂದು ಹೆಸರ ಹೇಳ್ರಿ. ನನ್ನಂಗ ಈಕಿಗೂ ಆಗೂದು ಬ್ಯಾಡ."

ಅವಳು ಚೇಷ್ಟೆಗೆ ಕೇಳಿರಲಿಲ್ಲ. ಕಣ್ಣಲ್ಲಿ ನಿಜವಾದ ಹೆದರಿಕೆಯಿತ್ತು.

"ನಿಮ್ಮ ಮನಸಿಗೆ ಬಂದ ಹೆಸರ ಇಡ್ರಿ" ಎಂದೆ. "ಊರತುಂಬ ಅದs ಹೆಸರಿದ್ರೂ ಇರಲಿ. ಆಕೀನ ಗುರುತ ಹಿಡಿಯೂದು ನಮ್ಮ ಕೆಲಸ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮಾತನ್ನು ನಂಬಬಹುದೋ ಹೇಗೆ ಎಂದು ತೂಗಿ ನೋಡಿದಂತಿತ್ತು. ಆಮೇಲೆ ಕೂಸಿನ ಕಡೆ ಬಾಗಿ ಏನೋ ಅಂದಳು, ನನಗೆ ಕೇಳಿಸಲಿಲ್ಲ. ಮಲ್ಲಪ್ಪ ಬಂದ, ಅವರು ಹೊರಟರು.

ತೊಟ್ಟಿಲು ಕಟ್ಟಿದ ದಿನ ಸಿಸ್ಟರ್ ಫೋನ್ ಮಾಡಿದರು. ಲಕ್ಷ್ಮಿ ಎಂದು ಹೆಸರಿಟ್ಟಿದ್ದರು. ನಮ್ಮ ಪಟ್ಟಿಯಲ್ಲಿ ಅದು ಹದಿನಾಲ್ಕನೇ ಲಕ್ಷ್ಮಿ.